ರೊಟ್ಟಿ ಬೀರುವ ಪಂಚಮಿ

ಹಬ್ಬದ ದಿನ ನೆರೆಮನೆಗೆ ಏನಾದರೂ ಕಳಿಸುವುದೆಂದರೆ ಅದರಲ್ಲಿ ಸಿಹಿ ಇರಲೇಬೇಕು ಎಂಬುದು ಹೆಚ್ಚಿನ ಊರುಗಳ ರೂಢಿ. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರುತ್ತಾರೆ. ಗೋಕುಲಾಷ್ಟಮಿಯ ಚಕ್ಕುಲಿ, ಕೋಡುಬಳೆಗಳ ಪೊಟ್ಟಣದಲ್ಲೂ ಒಂದೆರಡು ಉಂಡೆ ಸೇರಿಕೊಂಡಿರುತ್ತವೆ. ತುಂಗಭದ್ರೆ ದಾಟಿ ಕೊಪ್ಪಳ, ಗದಗ, ಧಾರವಾಡ, ಬಾಗಲಕೋಟೆಯ ಕಡೆ ನಡೆದರೆ ಶ್ರಾವಣದ ಮೊದಲ ವಾರದಲ್ಲಿ ಈ ರೂಢಿ ತಲೆಕೆಳಗಾಗುತ್ತದೆ. ನಾಗರ ಪಂಚಮಿಯ ಉಂಡಿಗಳು ಡಬ್ಬಿಯಿಂದ ಹೊರಬೀಳುವ ಮೊದಲೇ ಒಂದು ದಿನ ಪೂರ್ತಿ ಖಾರಕ್ಕೆ ಮೀಸಲು. ಅಂದು ಹೆಣ್ಣುಮಕ್ಕಳು ತಾಟಿನಲ್ಲಿ ರೊಟ್ಟಿ ಪೇರಿಸಿ, ಮೇಲೆ ಪಲ್ಯ ಚಟ್ನಿ ಇಟ್ಟು, ಬಟ್ಟೆ ಮುಚ್ಚಿಕೊಂಡು ಓಣಿ ತುಂಬ ಓಡಾಡುತ್ತಾರೆ. ರೊಟ್ಟಿ ಹಬ್ಬ, ರೊಟ್ಟಿ ಪಂಚಮಿ ಎಂದು ಊರಿಗೊಂದು ಹೆಸರು. ಕೆಲಸ ಮಾತ್ರ ಎಲ್ಲೆಡೆ ಒಂದೇ: ರೊಟ್ಟಿ ಬೀರುವುದು.

ತಾಟಿನಲ್ಲಿ ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಮೈತುಂಬ ಎಳ್ಳು ಅಂಟಿಸಿಕೊಂಡ ಸಜ್ಜೆ ರೊಟ್ಟಿ. ಜೊತೆಗೆ ಮಡಕಿ ಕಾಳು, ಹೆಸರು ಕಾಳುಗಳ ಪಲ್ಯ, ಬದನೆಕಾಯಿ ಎಣಗಾಯಿ. ಅಂಚಿನಲ್ಲಿ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿ. ಕೊಟ್ಟ ಮನೆಯಿಂದ ತಾಟು ಖಾಲಿ ವಾಪಸ್ಸು ಬರುವಂತಿಲ್ಲ, ಅವರ ರೊಟ್ಟಿ ಇವರ ತಾಟಿಗೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಪ್ರತಿ ಮನೆಯ ಬುಟ್ಟಿಯಲ್ಲೂ ಅರ್ಧ ಊರಿನ ಅಡುಗೆಮನೆಗಳ ರೊಟ್ಟಿ. ಹೊರಗಿನಿಂದ ಬಂದವರಿಗೆ ಇದು ಸೋಜಿಗ. ಎಲ್ಲರ ಮನೆಯಲ್ಲೂ ಇರುವುದನ್ನೇ ಎಲ್ಲರಿಗೂ ಕೊಡುವುದು ಎಂಥ ಉಡುಗೊರೆ? ಅದೂ ನಿತ್ಯ ಉಣ್ಣುವ ರೊಟ್ಟಿ!

ಮೊದಲ ಉತ್ತರ ಹಂಚಿನಲ್ಲೇ ಇದೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು, ಕರಿಯಬಾರದು, ಈಳಿಗೆ ಮುಟ್ಟಬಾರದು, ಹೊಲದಲ್ಲಿ ನೇಗಿಲು ಹೂಡಬಾರದು ಎಂಬ ಕಟ್ಟುಪಾಡು ಕರ್ನಾಟಕ, ಮಹಾರಾಷ್ಟ್ರಗಳ ಎಷ್ಟೋ ಮನೆಗಳಲ್ಲಿದೆ. ನೆಲದೊಳಗಿನ ಹಾವಿಗೆ ಬಿಸಿ ತಾಗಬಾರದು, ಗಾಯವಾಗಬಾರದು ಎಂಬುದು ಅದಕ್ಕೆ ಕೊಡುವ ಕಾರಣ. ಹಾಗಾಗಿ ಹಬ್ಬದ ದಿನ ಕುಚ್ಚಿದ ಕಡಬು, ಹಸಿ ತಂಬಿಟ್ಟು, ಮೊದಲೇ ಕಟ್ಟಿಟ್ಟ ಉಂಡಿ. ಆದರೆ ರೊಟ್ಟಿಯಿಲ್ಲದೆ ಹೊಟ್ಟೆ ತುಂಬದ ನಾಡಿನಲ್ಲಿ ಹಂಚಿಗೇ ರಜೆ ಕೊಟ್ಟರೆ ಉಣ್ಣುವುದೇನು? ಹಾಲೆರೆಯುವ ದಿನಗಳಿಗೆ ಮೊದಲೇ ಬಡಿದಿಟ್ಟ, ಕೆಡದ ರೊಟ್ಟಿ. ನಿಷೇಧದ ಹಿಂದಿನ ದಿನದ ಈ ತಯಾರಿಯೇ ಮುಂದೆ ಬೇರೆ ಹಬ್ಬವಾಗಿ ಬೆಳೆದಿರಬೇಕು. ದಾಖಲೆ ತೋರಿಸಿ ಹೇಳುವ ಮಾತಲ್ಲ ಇದು. ಆದರೆ ಹಬ್ಬದ ದಿನಗಳು ಜೋಡಿಸಿಕೊಂಡಿರುವ ಕ್ರಮ ನೋಡಿದರೆ ಹಾಗೆಯೇ ಕಾಣುತ್ತದೆ.

ಎರಡನೆಯ ಉತ್ತರ ಪಂಚಾಂಗದಲ್ಲಿದೆ. ಶ್ರಾವಣ ಸುಗ್ಗಿಯಲ್ಲ. ಎರೆಹೊಲದ ಹಿಂಗಾರಿ ಜೋಳ ಕೊಯ್ಲಾಗುವುದು ಚಳಿಗಾಲ ಮುಗಿಯುವಾಗ, ಸಜ್ಜೆ ತೆನೆ ಬಲಿಯುವುದು ಮಳೆಗಾಲ ಕಳೆಯುವಾಗ. ಆಗಸ್ಟಿನ ಸುಮಾರಿಗೆ ಮುಂಗಾರಿ ಬಿತ್ತನೆ ಮುಗಿದಿರುತ್ತದೆ, ಕಳೆ ತೆಗೆಯುವ ಕೆಲಸ ನಡೆದಿರುತ್ತದೆ, ಹೊಸ ಕಾಳು ಇನ್ನೂ ದೂರ. ಹಿಂದೆಲ್ಲ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದಲ್ಲಿ ತೋಡಿ ಒಳಗೆ ಹುಲ್ಲು ಹೊದಿಸಿದ ಗುಂಡಿಯಲ್ಲಿ ತುಂಬಿಡುತ್ತಿದ್ದರು. ಶ್ರಾವಣ ಬಂತೆಂದರೆ ಬಡವರ ಮನೆಯ ಹಗೇವಿನ ತಳ ಕಾಣುವ ಹೊತ್ತು. ತುಂಬಿದ ಕಣಜದಿಂದ ಕೊಡುವ ಹಬ್ಬಗಳು ಲೋಕದಲ್ಲಿ ಬೇಕಾದಷ್ಟಿವೆ. ಈ ಹಬ್ಬ ಕೊಡಲು ಆರಿಸಿಕೊಂಡಿರುವುದು ಕಾಳು ತೀರುತ್ತ ಬಂದ ತಿಂಗಳನ್ನು. ಎಲ್ಲರೂ ಎಲ್ಲರಿಗೂ ಕೊಡುವಾಗ ಯಾರ ಬುಟ್ಟಿಯಿಂದ ಎಷ್ಟು ಹೋಯಿತು, ಯಾರ ಬುಟ್ಟಿಗೆ ಎಷ್ಟು ಬಂತು ಎಂಬುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಇಲ್ಲದವರು ಕೈಚಾಚದೆ ಪಡೆಯುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ಹಳ್ಳಿಯಲ್ಲಿ ಇನ್ನೊಂದಿರಲಿಲ್ಲ.

ಕೆಲವು ತಿಂಗಳು ಕಳೆದು ಬರುವ ಎಳ್ಳಮವಾಸ್ಯೆಯ ಚರಗಕ್ಕೂ ಇದಕ್ಕೂ ಇರುವ ಅಂತರ ಇಲ್ಲೇ. ಕಲಬುರಗಿ, ಬೀದರ್, ವಿಜಯಪುರದ ರೈತರು ಆಗ ರೊಟ್ಟಿ, ಭಜ್ಜಿ, ಸಜ್ಜೆ ಕಡಬುಗಳ ಬುತ್ತಿ ಹೊತ್ತು ಎದೆಯೆತ್ತರದ ಜೋಳದ ನಡುವೆ ಹೋಗುತ್ತಾರೆ, ಆ ಬುತ್ತಿಯ ಒಂದಿಷ್ಟನ್ನು ಹೊಲಕ್ಕೆ ಎಡೆಯಾಗಿ ಎರಚಿ ಚರಗ ಚೆಲ್ಲುತ್ತಾರೆ, ದಾರಿಹೋಕರನ್ನೂ ಕರೆದು ಉಣ್ಣಿಸುತ್ತಾರೆ. ಅಲ್ಲಿ ಬೆಳೆ ಕಣ್ಣೆದುರು ನಿಂತಿರುತ್ತದೆ, ಕೊಡುವ ಕೈಗೆ ಭರವಸೆಯಿರುತ್ತದೆ. ಪಂಚಮಿಯ ರೊಟ್ಟಿಗೆ ಆ ಭರವಸೆ ಕೊಡಬೇಕಾದದ್ದು ಮೋಡ.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಮಗಳು ತವರಿಗೆ ಬರುವುದು, ಕರೆಯಲು ಬಾರದ ಅಣ್ಣನ ಹಾದಿ ಕಾಯುವುದು ಉತ್ತರ ಕರ್ನಾಟಕದ ಜನಪದ ಹಾಡುಗಳಿಗೆ ಎಂದೂ ಮುಗಿಯದ ವಸ್ತು. ಹಲಸಂಗಿ ಗೆಳೆಯರು ಎಂಬ ಬರಹಗಾರರ ಬಳಗ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಈ ತವರಿನ ಹಂಬಲವನ್ನು ಅಚ್ಚಿಗೆ ತಂದ ಮೊದಲಿಗರ ಕೆಲಸ. ಆ ತ್ರಿಪದಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಬೀಸುವ ಕಲ್ಲಿನ ಮುಂದೆ ಎಂಬುದನ್ನು ಮರೆಯಬಾರದು. ಗಿರಣಿ ಬರುವ ಮುಂಚೆ ನೂರಾರು ರೊಟ್ಟಿಯ ಹಿಟ್ಟು ಅಂದರೆ ನಸುಕಿನಿಂದ ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ತಿರುಗಿಸುವ ದುಡಿಮೆ. ತವರಿಗೆ ಬಂದ ಮಗಳಿಗೆ ಜೋಕಾಲಿಯಷ್ಟೇ ಅಲ್ಲ, ಬೀಸುವ ಕಲ್ಲೂ ಕಾದಿರುತ್ತಿತ್ತು. ಹಬ್ಬ ಮುಗಿಸಿ ಗಂಡನ ಮನೆಗೆ ಮರಳುವಾಗ ಅವಳ ಗಂಟಿನಲ್ಲಿ ಉಂಡಿಯ ಜೊತೆ ರೊಟ್ಟಿ, ಚಟ್ನಿಪುಡಿ ಇರಲೇಬೇಕು. ಅತ್ತೆಯ ಓಣಿಯಲ್ಲಿ ಅದನ್ನು ಮತ್ತೆ ಬೀರಬೇಕು. ಹೀಗೆ ಒಂದೂರಿನ ರೊಟ್ಟಿ ಇನ್ನೊಂದೂರಿಗೆ ಹೋಗುತ್ತಿತ್ತು. ತಿಂದವರು ಅದರ ದಪ್ಪ, ಅಂಚು, ಉಪ್ಪು-ಖಾರದ ಮೇಲೆ ಆ ಬೀಗರ ಮನೆಗೆ ತೀರ್ಪು ಬರೆಯುತ್ತಿದ್ದರು.

ಈ ಪ್ರಯಾಣಕ್ಕೆ ಒಗ್ಗುವ ಗುಣ ರೊಟ್ಟಿಗೆ ಬಂದದ್ದು ಅದರ ಕೊರತೆಯಿಂದ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಜಿಗುಟಾಗುತ್ತದೆ, ನಾದುವ ಕೈ ಅದನ್ನು ಹಿಡಿದಿಡುತ್ತದೆ. ಹಿಟ್ಟು ಹಳತಾಗಿದ್ದರೆ ಎಷ್ಟು ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಸವರಿ ಒಣಹಿಟ್ಟು ಒರೆಸಬೇಕು, ತಿರುವಿ ಹಾಕಬೇಕು, ಉಬ್ಬಿದ ಮೇಲೆ ಒಲೆಯ ಮಗ್ಗುಲಿಗೆ ಒರಗಿಸಿ ತೇವ ಆರುವ ತನಕ ಬಿಡಬೇಕು. ಎಣ್ಣೆಯಿಲ್ಲ, ನೀರಿಲ್ಲ. ಬೂಸಲು ಹಿಡಿಯುವುದಕ್ಕೆ ಬೇಕಾದದ್ದೇನೂ ಅದರಲ್ಲಿ ಉಳಿದಿರುವುದಿಲ್ಲ. ಸಜ್ಜೆಯ ವಿಷಯ ಇನ್ನೂ ಸ್ವಾರಸ್ಯ. ಸಜ್ಜೆಯಲ್ಲಿ ಕೊಬ್ಬು ಹೆಚ್ಚು, ಬೀಸಿಟ್ಟ ಹಿಟ್ಟು ಕೆಲವೇ ದಿನಗಳಲ್ಲಿ ಕಹಿ ತಿರುಗುತ್ತದೆ. ಕೊಬ್ಬನ್ನು ಒಡೆಯುವ ಕಿಣ್ವ ಹಂಚಿನ ಬಿಸಿಗೆ ಸುಮ್ಮನಾಗುವುದರಿಂದ ಹಿಟ್ಟಿಗಿಂತ ರೊಟ್ಟಿಯೇ ಹೆಚ್ಚು ಬಾಳುತ್ತದೆ. ಕಿಣ್ವದ ಹೆಸರು ಕೇಳದ ಅಜ್ಜಿಯರು ಸಜ್ಜೆಯನ್ನು ಬೇಕಾದಷ್ಟೇ ಬೀಸಿ, ಬೀಸಿದಷ್ಟನ್ನೂ ಅಂದೇ ಬಡಿದು ಮುಗಿಸುತ್ತಿದ್ದರು.

ಆ ತಾಟಿನ ವಯಸ್ಸೆಷ್ಟು? ಎಲ್ಲವನ್ನೂ ಒಟ್ಟಿಗೆ ‘ಸಾವಿರಾರು ವರ್ಷದ ಪರಂಪರೆ’ ಎಂದುಬಿಡುವುದು ಸುಲಭ. ಒಂದೊಂದು ಪದಾರ್ಥವನ್ನು ಬೇರೆಯಾಗಿ ಕೇಳಿದರೆ ಉತ್ತರಗಳು ಹೊಂದುವುದಿಲ್ಲ. ಜೋಳ, ಸಜ್ಜೆ ಎರಡೂ ಆಫ್ರಿಕಾದಿಂದ ಬಂದವು. ಜೋಳದ ತವರು ಸುಡಾನಿನ ಸುತ್ತಿನ ಬಯಲು, ಸಜ್ಜೆಯದು ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಉತ್ಖನನ ನಡೆಸಿದರು. ಕಬ್ಬಿಣದ ಬಹು ಹಳೆಯ ವಸ್ತುಗಳಿಗಾಗಿ ಆ ಊರು ಹೆಸರಾಯಿತು. ಅಲ್ಲಿನ ಮಣ್ಣಿನಲ್ಲಿ ಸುಟ್ಟು ಕರಕಾದ ಸಜ್ಜೆಯ ಕಾಳುಗಳೂ ದೊರೆತಿವೆ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಷ್ಟು ಹಳೆಯವು. ರೊಟ್ಟಿ ಹಬ್ಬ ಇವತ್ತಿಗೂ ಗಟ್ಟಿಯಾಗಿರುವ ಜಿಲ್ಲೆಗಳಲ್ಲಿ ಒಂದರಲ್ಲೇ ಆ ಕಾಳು ಸಿಕ್ಕಿತೆಂಬುದು ಕಾಕತಾಳೀಯ ಇರಬಹುದು, ಆದರೂ ಖುಷಿಯ ಕಾಕತಾಳೀಯ.

ಆಫ್ರಿಕಾದ ಈ ಧಾನ್ಯಗಳು ಬರುವ ಮೊದಲು ಇಲ್ಲಿನವರು ಏನು ತಿನ್ನುತ್ತಿದ್ದರು ಎಂಬುದಕ್ಕೆ ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಆ ಕಾಲದ ಇತರ ನೆಲೆಗಳು ಉತ್ತರ ಕೊಡುತ್ತವೆ: ಕೊರಲೆಯಂಥ ಸಣ್ಣ ಧಾನ್ಯಗಳು, ಜೊತೆಗೆ ಹೆಸರು ಮತ್ತು ಹುರುಳಿ. ಸಂಗನಕಲ್ಲಿನ ಬಂಡೆಗಳ ಮೇಲೆ ಕಾಳು ಅರೆದು ಅರೆದು ಸವೆದ ಗುಳಿಗಳು ಇನ್ನೂ ಇವೆ. ಅಂದರೆ ಪಂಚಮಿಯ ತಾಟಿನಲ್ಲಿ ರೊಟ್ಟಿಗಿಂತ ಅದರ ಮೇಲೆ ಕೂತ ಹೆಸರು ಕಾಳೇ ಹಿರಿಯ.

ಚಟ್ನಿಗಳಲ್ಲಿ ಗುರೆಳ್ಳು ಮತ್ತು ಅಗಸಿ ಹಳಬರು. ಒಂದರ ಮೂಲ ಇಥಿಯೋಪಿಯಾ, ಇನ್ನೊಂದು ಪಶ್ಚಿಮ ಏಷ್ಯಾದ ಕಡೆಯಿಂದ ಬಂದದ್ದು. ಎರಡೂ ಎಣ್ಣೆಕಾಳು, ಎರಡೂ ಒಣಭೂಮಿಯ ಬೆಳೆ. ಹುರಿದು ಕುಟ್ಟಿದರೆ ತಿಂಗಳುಗಟ್ಟಲೆ ಇರುತ್ತವೆ. ಆದರೆ ಇಂದು ಆ ಚಟ್ನಿಗೆ ಬಣ್ಣವನ್ನೂ ಸೊಕ್ಕನ್ನೂ ಕೊಡುವ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೂ ಮುಂಚೆ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಘಟ್ಟದಿಂದ ಇಳಿದು ಬರಬೇಕಾದ ಕಾಳುಮೆಣಸು ಬಡವರ ರೊಟ್ಟಿಗೆ ಎಷ್ಟು ದಕ್ಕುತ್ತಿತ್ತೋ! ಮೆಣಸಿನಕಾಯಿ ಹಿತ್ತಲಲ್ಲೇ ಬೆಳೆಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಸುಕ್ಕುಮೈಯ ಕೆಂಪು ಕಾಯಿ ಒಂದು ಪ್ರದೇಶದ ಗುರುತೇ ಆಗಿ, 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆಯಿತು. ಶೇಂಗಾ ಇನ್ನೂ ತಡ. ದಕ್ಷಿಣ ಅಮೆರಿಕದ ಈ ಕಾಯಿ ಈ ಕಡೆಯ ಹೊಲಗಳಲ್ಲಿ ವ್ಯಾಪಾರಿ ಬೆಳೆಯಾಗಿ ಹಬ್ಬಿದ್ದು 19ನೆಯ ಶತಮಾನದ ಕೊನೆಯಿಂದ ಈಚೆಗೆ. ಇಂದು ಶೇಂಗಾ ಚಟ್ನಿಯಿಲ್ಲದ, ಶೇಂಗಾ ಉಂಡಿಯಿಲ್ಲದ ಪಂಚಮಿಯನ್ನು ಊಹಿಸಲೂ ಒಪ್ಪದವರ ಮುತ್ತಜ್ಜಿಯ ಮುತ್ತಜ್ಜಿಗೆ ಎರಡರ ರುಚಿಯೂ ಗೊತ್ತಿರಲಿಕ್ಕಿಲ್ಲ.

ಅಡುಗೆಯ ಬಗ್ಗೆ ಕನ್ನಡ ನಾಡಿನಲ್ಲಿ ಬರೆದವರು ಕಡಿಮೆಯೇನಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕೃಷಿ, ನೀರು, ವೈದ್ಯಗಳ ಜೊತೆ ಪಾಕಕ್ಕೂ ಜಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ ರಾಜಭೋಜನದ ಭಂಡಾರ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ರೊಟ್ಟಿಗಳನ್ನೇ ಬಗೆಬಗೆಯಾಗಿ ವಿವರಿಸುತ್ತದೆ, ಮೇಲೆ ಕೆಳಗೆ ಕೆಂಡವಿಟ್ಟು ಎರಡು ಹಂಚುಗಳ ನಡುವೆ ಬೇಯಿಸುವ ಮುಚ್ಚಳ ರೊಟ್ಟಿಯೂ ಅದರಲ್ಲಿದೆ. ಆದರೆ ಅವು ಗೋಧಿಯ, ತುಪ್ಪದ, ಸಕ್ಕರೆಯ ರೊಟ್ಟಿಗಳು. ಒಡೆಯರ ಪಾಕಶಾಲೆಗೆ ಹೊಲದಾಳಿನ ರೊಟ್ಟಿಯಿಂದ ಕಲಿಯುವುದೇನೂ ಇರಲಿಲ್ಲ. ಜೋಳದ ರೊಟ್ಟಿಯ ವಿಧಾನ ಬರೆದಿಡಬೇಕು ಎಂದು ಅದನ್ನು ದಿನಾ ಬಡಿಯುತ್ತಿದ್ದವರಿಗೂ ಅನಿಸಿರಲಿಕ್ಕಿಲ್ಲ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಬಿಜಾಪುರ ಗ್ಯಾಸೆಟಿಯರುಗಳು ಜೋಳವೇ ಇಲ್ಲಿನ ಜನರ ಮುಖ್ಯ ಆಹಾರ ಎಂದು ದಾಖಲಿಸುವಷ್ಟರಲ್ಲಿ ಆ ರೊಟ್ಟಿ ಎಷ್ಟೋ ನೂರು ವರ್ಷ ತಿಂದುಂಡು ಮುಗಿದಿತ್ತು.

ಬರಹಕ್ಕೆ ಜೋಳ ಬಂದದ್ದು ಅಡುಗೆಮನೆಯ ಬಾಗಿಲಿನಿಂದಲ್ಲ, ರಣರಂಗದ ಕಡೆಯಿಂದ. 10ನೆಯ ಶತಮಾನದ ಕಾವ್ಯಗಳಲ್ಲಿ, ಆ ಕಾಲದ ವೀರರ ನಡವಳಿಕೆಯಲ್ಲಿ ಜೋಳದ ಪಾಳಿ ಎಂಬ ಕಟ್ಟಳೆಯೊಂದು ಕಾಣುತ್ತದೆ. ಒಡೆಯನ ಜೋಳ ತಿಂದವನು ಹೊತ್ತು ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕು. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳ ಹಿಂದೆ ಇಂಥ ಋಣವಿದೆ. ಕೊಟ್ಟವನು ಮೇಲೆ, ತಿಂದವನು ಕೆಳಗೆ. ರೊಟ್ಟಿ ಬೀರುವ ದಿನ ನಡೆಯುವುದು ಇದರ ತಿರುವುಮುರುವು. ಮಧ್ಯಾಹ್ನ ಹುಟ್ಟಿದ ಋಣ ಸಂಜೆಯೊಳಗೆ ಸಾಟಿಯಾಗಿ ಹೋಗುತ್ತದೆ.

ಪಂಚಮಿಯ ಬಗ್ಗೆ ಇನ್ನೊಂದು ತಮಾಷೆ. ಈ ಹಬ್ಬ ಅತಿ ಜೋರಾಗಿ ನಡೆಯುವ ಹಳ್ಳಿಗಳಲ್ಲಿ ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಲ್ಲಿನ ನಾಗರಕ್ಕೆ ಹಾಲೆರೆದು, ನಿಜವಾದ ನಾಗರ ಕಂಡರೆ ಕೊಲ್ಲು ಎನ್ನುವವರನ್ನು ಬಸವಣ್ಣ 12ನೆಯ ಶತಮಾನದಲ್ಲೇ ಗೇಲಿ ಮಾಡಿದ್ದ. ಉಂಬ ಜಂಗಮನನ್ನು ಕಡೆಗಣಿಸುವವರ ಮೇಲಿನ ಸಿಟ್ಟೂ ಅದೇ ವಚನದಲ್ಲಿದೆ. ಅವನ ಮಾತಿನಿಂದ ತಿಳಿಯುವುದು ಎರಡು: ಹಾಲೆರೆಯುವ ರೂಢಿ ಆಗಲೇ ಬೇರೂರಿತ್ತು, ಟೀಕಿಸಿದ ಮೇಲೂ ಅದು ಹೋಗಲಿಲ್ಲ. ಈಗ ಕೆಲವು ಮಠಗಳು, ಸಂಘಟನೆಗಳು ಈ ದಿನವನ್ನು ಬಸವ ಪಂಚಮಿ ಎಂದು ಕರೆದು, ಹುತ್ತಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುತ್ತವೆ. ರೊಟ್ಟಿಯ ದಿನಕ್ಕೆ ಇಂಥ ತಿದ್ದುಪಡಿ ಬೇಕಾಗಲಿಲ್ಲ. ಅಲ್ಲಿ ದೇವರಿಗೆ ಎಡೆ ಹಿಡಿದರೂ ಉಳಿದದ್ದೆಲ್ಲ ಹೋಗುವುದು ಉಣ್ಣುವ ಬಾಯಿಗೇ.

ಹಾಗೆಂದು ಈ ರೊಟ್ಟಿ ಊರಿನ ಎಲ್ಲ ಹೊಸ್ತಿಲುಗಳನ್ನೂ ಒಂದೇ ಸಮ ದಾಟಿತು ಎಂದರೆ ಅದು ಹಬ್ಬದ ಉತ್ಸಾಹದ ಮಾತಾದೀತು. ಬೇಯಿಸಿದ ಅನ್ನ ಯಾರ ಕೈಯಿಂದ ಯಾರ ಕೈಗೆ ಹೋಗಬಹುದು ಎಂಬುದನ್ನು ಜಾತಿ ಕಟ್ಟುನಿಟ್ಟಾಗಿ ನಿರ್ಧರಿಸುತ್ತಿದ್ದ ಸಮಾಜ ಇದು. ಆಯಗಾರ ಪದ್ಧತಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಮೊದಲಾದವರಿಗೆ ಕಣದಲ್ಲಿ ಕಾಳಿನ ಪಾಲು ಸಲ್ಲುತ್ತಿತ್ತು, ಹಬ್ಬದಲ್ಲಿ ಅಡುಗೆಯ ಪಾಲು ಸಲ್ಲುತ್ತಿತ್ತು. ಅದು ಸೇವೆಗೆ ಕೊಟ್ಟ ಕೂಲಿ, ಉಡುಗೊರೆಯಲ್ಲ. ಊರ ಹೊರಗಿನ ಕೇರಿಗೆ ಮೇಲ್ಜಾತಿಯ ರೊಟ್ಟಿ ಹೋದರೂ ಅಲ್ಲಿಯ ರೊಟ್ಟಿ ತಿರುಗಿ ಬರುತ್ತಿರಲಿಲ್ಲ. ಮೇಲೆ ಹೇಳಿದ ಸಾಟಿ ನಡೆಯುತ್ತಿದ್ದದ್ದು ಸರೀಕರ ನಡುವೆ. ಅದರಾಚೆಗೆ ಅದೇ ಹಳೆಯ ಏಕಮುಖ ಸಂಚಾರ. ಆದರೂ ಹಳ್ಳಿಯ ಮುಸ್ಲಿಂ ಮನೆಗಳಿಗೆ ಪಂಚಮಿಯ ರೊಟ್ಟಿ ಹೋಗುವುದು, ಅವರ ಹಬ್ಬದ ಅಡುಗೆ ಇತ್ತ ಬರುವುದು ಈ ಭಾಗದಲ್ಲಿ ಇಂದಿಗೂ ಇದೆ. ಅವರ ಒಲೆಯ ಮೇಲೂ ದಿನಾ ಬೇಯುವುದು ಇದೇ ಜೋಳದ ರೊಟ್ಟಿ.

ಈ ಏಕಮುಖ ಸಂಚಾರವನ್ನು ಮುರಿಯುವ ಪ್ರಯತ್ನ ಕಾಣಬೇಕಾದರೆ ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋಗಬೇಕು. ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿಯಿಂದ ಇತಿಹಾಸದ ಪುಸ್ತಕಗಳಲ್ಲಿ ಹೆಸರಾದ ಊರು. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಯಲ್ಲಿ ರಥೋತ್ಸವದ ಮರುದಿನ ರೊಟ್ಟಿ ಜಾತ್ರೆ. ಸುತ್ತಲಿನ ಮನೆಗಳಿಂದ ಬಂದ ರೊಟ್ಟಿ, ಪಲ್ಯ, ಜೊತೆಗೆ ಅಗಸಿ ಮತ್ತು ಹಸಿಮೆಣಸಿನಕಾಯಿ ಹಾಕಿ ಹುಳಿಬರಿಸಿದ ಕರಿಂಡಿ. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿತ್ತು ಎಂದು ಕೇಳದೆ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಇದೇ ರೊಟ್ಟಿ ಬೃಹತ್ತಾಗಿ ಬೆಳೆಯುತ್ತದೆ. ಜನವರಿಯ ಆ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲ ಹಳ್ಳಿಗಳ ಹೆಂಗಸರು ದಿನಗಟ್ಟಲೆ ಗುಡಿಯ ಅಂಗಳದಲ್ಲೋ ಸಮುದಾಯ ಭವನದಲ್ಲೋ ಸೇರಿ ರೊಟ್ಟಿ ಬಡಿಯುತ್ತಾರೆ. ಹಿಂದೆ ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ ತುಂಬಿ, ಮೆರವಣಿಗೆ ಮಾಡಿಕೊಂಡು ಮಠಕ್ಕೆ ತಲುಪಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ಅಷ್ಟನ್ನು ಒಂದೇ ಅಡುಗೆಮನೆ ಬಡಿಯಲಾರದು. ಅನ್ನ, ಸಾರು ಮಾತ್ರ ಅಲ್ಲೇ ಬೇಯುತ್ತವೆ, ರೊಟ್ಟಿ ಮನೆಮನೆಯಿಂದ ಬರಬೇಕು.

ಬೀರುವ ರೊಟ್ಟಿಗೆ ಬಸ್ಸು ಸಿಕ್ಕಿದ್ದು 20ನೆಯ ಶತಮಾನದ ನಡುವಿನಿಂದ ಈಚೆಗೆ. ಧಾರವಾಡಕ್ಕೆ ಓದಲು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗರಿಗೆ ಹಳ್ಳಿಯ ಮನೆಯಿಂದ ಬೆಳಗಿನ ಬಸ್ಸಿನಲ್ಲಿ ಬುತ್ತಿ ಬರುವುದು ಆ ಊರಿನ ಒಂದು ಇಡೀ ಪೀಳಿಗೆಯ ನೆನಪು. ಕಂಡಕ್ಟರಿಗೆ ಒಪ್ಪಿಸಿದ ಬಟ್ಟೆಯ ಗಂಟು, ನಿಲ್ದಾಣದಲ್ಲಿ ಕಾಯುವ ಹುಡುಗ, ಗಂಟು ಬಿಚ್ಚುವಾಗ ಸುತ್ತ ನೆರೆಯುವ ಗೆಳೆಯರು. ಪಂಚಮಿಯ ವಾರ ಗಂಟು ದೊಡ್ಡದಾಗುತ್ತಿತ್ತು, ಕೋಣೆಯಿಂದ ಕೋಣೆಗೆ ರೊಟ್ಟಿ ಬೀರುವುದೂ ನಡೆಯುತ್ತಿತ್ತು. ಗಡಿಯಾಚೆಯ ಸೊಲ್ಲಾಪುರದಲ್ಲಿ ಸಿದ್ಧರಾಮನ ಜಾತ್ರೆ ನಡೆಸುವ, ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ಬೇಕಾದಷ್ಟಿವೆ. ಅಲ್ಲಿಯ ಅಂಗಡಿಗಳಲ್ಲಿ ಮಾರುವ ಕಡಕ್ ಭಾಕ್ರಿ ಮತ್ತು ಶೇಂಗಾ ಚಟ್ನಿ, ಇತ್ತ ವಿಜಯಪುರದ ಕಟಕ ರೊಟ್ಟಿ ಮತ್ತು ಚಟ್ನಿಗೆ ಒಡಹುಟ್ಟಿದವು. ನಡುವೆ ಭಾಷೆಯ ಗಡಿ ಬಿದ್ದಿದೆ, ಜೋಳಕ್ಕೆ ಗಡಿ ಬಿದ್ದಿಲ್ಲ. ಎರಡೂ ಕಡೆ ರೊಟ್ಟಿಗೆ ಒಳ್ಳೆಯದು ಎನಿಸಿಕೊಂಡ ಮಾಲದಂಡಿ ಜೋಳದ ಎಂ 35-1 ತಳಿ ಆಯ್ದು ಬಂದದ್ದು ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಿಂದಲೇ.

ಆ ಜೋಳವೇ ಈಗ ಕುಗ್ಗುತ್ತಿದೆ. ಹತ್ತಿಗಾಗಿ ಜೋಳದ ಹೊಲ ಬಿಟ್ಟುಕೊಡುವುದು ಧಾರವಾಡ ಸೀಮೆಗೆ ಹೊಸದಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗಲೂ ಹಾಗಾಗಿತ್ತು. ಮುಂದೆ 1876–78ರ ಧಾತು-ಈಶ್ವರ ಸಂವತ್ಸರಗಳ ಬರ ಬಂದಾಗ ಇದೇ ಬಯಲಿನ ಜಿಲ್ಲೆಗಳು ಭೀಕರವಾಗಿ ನಲುಗಿದವು. ಸ್ವಾತಂತ್ರ್ಯದ ನಂತರ, 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಇಳುವರಿ ಹೆಚ್ಚಿತು, ಹೈಬ್ರಿಡ್ ಜೋಳದ ರೊಟ್ಟಿಗೆ ರುಚಿಯಿಲ್ಲ ಎಂಬ ಗೊಣಗಾಟವೂ ಹೆಚ್ಚಿತು. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿದ್ದ ಜೋಳ ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ನೀರಾವರಿ ಬಂದಲ್ಲಿ ಕಬ್ಬು, ಮೆಕ್ಕೆಜೋಳ. ಪಡಿತರದಲ್ಲಿ ಅಗ್ಗದ ಅಕ್ಕಿ, 2013ರಿಂದ ಅನ್ನಭಾಗ್ಯ. ಹಸಿವಿನ ಲೆಕ್ಕದಲ್ಲಿ ಅದು ದೊಡ್ಡ ಕೆಲಸ, ಅದನ್ನು ಹಳಿಯುವವರು ಹಗೇವಿನ ತಳ ಕಂಡವರಲ್ಲ. ಆದರೆ ಅಕ್ಕಿ ಬಂದ ಮನೆಯಲ್ಲಿ ದಿನದ ಎರಡು ಹೊತ್ತು ಬಡಿಯುತ್ತಿದ್ದ ರೊಟ್ಟಿ ಒಂದು ಹೊತ್ತಿಗೆ ಇಳಿಯಿತು, ಬಡಿಯಲು ಬಾರದ ಸೊಸೆಯಂದಿರು ಬಂದರು. ಹೀಗೆ ನಿತ್ಯದ ರೊಟ್ಟಿ ವಿಶೇಷದ ರೊಟ್ಟಿಯಾಗುತ್ತ ಬಂತು. ಉಡುಗೊರೆಯಾಗಿ ಅದರ ಬೆಲೆ ಏರಿದ್ದು ಅದು ಅಪರೂಪವಾದ ಮೇಲೆ.

ಈ ತಿರುವಿನಿಂದ ಹುಟ್ಟಿದ್ದು ರೊಟ್ಟಿ ಕೇಂದ್ರಗಳು. ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ, ಕಲಬುರಗಿಯ ಓಣಿಗಳಲ್ಲಿ, ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದವರು ಹೆಚ್ಚಿರುವ ಬಡಾವಣೆಗಳಲ್ಲಿ ಅವು ಕಾಣುತ್ತವೆ. ನಡೆಸುವವರು ಬಹುಪಾಲು ಹೆಂಗಸರು. ಗಂಡ ತೀರಿಕೊಂಡವರು, ಹೊಲ ಕಳೆದುಕೊಂಡು ಪೇಟೆ ಸೇರಿದವರು, ಮಕ್ಕಳ ಫೀಸಿಗೆ ದಾರಿ ಹುಡುಕಿದವರು ಇಲ್ಲಿ ತಮ್ಮ ಕೈ ಕಸುಬಿಗೆ ಮೊದಲ ಬಾರಿಗೆ ದುಡ್ಡು ಕಂಡಿದ್ದಾರೆ. ಕಲಬುರಗಿಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸಂಘಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಬಂದಿದೆ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳದ ರೊಟ್ಟಿ ಡಯಟಿನ ಊಟವಾಗಿ ಹೊಸ ಗಿರಾಕಿಗಳನ್ನೂ ಪಡೆಯಿತು. ಹಗುರ, ಒಣ, ಕೆಡದ ಸಾಮಾನಾದ್ದರಿಂದ ಪೊಟ್ಟಣ ಕಟ್ಟಿದ ರೊಟ್ಟಿ ಪುಣೆಗೆ, ಮುಂಬೈಗೆ, ಸೂಟ್‌ಕೇಸಿನಲ್ಲಿ ದುಬೈ, ಅಮೆರಿಕಕ್ಕೂ ಹೋಗುತ್ತದೆ. ಒಡೆಯದಿರಲಿ ಎಂದು ಸ್ಟೀಲ್ ಡಬ್ಬಿಗೆ ತುಂಬುವುದು ಅನುಭವಸ್ಥರ ಕ್ರಮ. ಆದರೂ ಕೆಳಗಿನ ನಾಲ್ಕೈದು ಪುಡಿಯಾಗುವುದು ತಪ್ಪುವುದಿಲ್ಲ. ಆ ಪುಡಿಗೆ ಮೊಸರು, ಹಸಿ ಉಳ್ಳಾಗಡ್ಡಿ ಕಲಸಿ ತಿನ್ನುವುದಕ್ಕೂ ಕಾದು ಕೂತವರಿರುತ್ತಾರೆ.

ಪಂಚಮಿ ಹತ್ತಿರವಾದಂತೆ ಈ ಕೇಂದ್ರಗಳಿಗೆ ಪುರುಸೊತ್ತಿಲ್ಲ. ಸಜ್ಜೆ ರೊಟ್ಟಿಗೆ ಮುಂಚೆಯೇ ಹೇಳಿಡಬೇಕು, ಎಳ್ಳು ಹಚ್ಚುವ ಕೆಲಸ ನಿಧಾನದ್ದು. ಕೆಲವೆಡೆ ಹಿಟ್ಟು ನಾದಲು, ಲಟ್ಟಿಸಲು ಯಂತ್ರ ಬಂದಿದೆ. ಯಂತ್ರದಿಂದ ಬಂದ ರೊಟ್ಟಿಗಳೆಲ್ಲ ಒಂದೇ ಅಳತೆ, ಒಂದೇ ದುಂಡು. ಮೊದಲೆಲ್ಲ ಬುಟ್ಟಿಯ ಮುಂದೆ ಕೂತ ಹಿರಿಯರು ಒಂದೊಂದನ್ನೇ ಎತ್ತಿ ಇದು ಗೌಡರ ಮನೆಯದು, ಇದು ಬಡಿಗೇರ ಮನೆಯದು, ಇಷ್ಟು ದಪ್ಪ ಬಡಿದವಳು ಮೂಲೆಮನೆಯ ಹೊಸ ಸೊಸೆ ಎಂದು ಹೇಳಿಬಿಡುತ್ತಿದ್ದರು. ಈಗ ಒಂದೇ ಕೇಂದ್ರದಿಂದ ಕೊಂಡ ಎರಡು ಮನೆಯವರು ಪರಸ್ಪರ ರೊಟ್ಟಿ ಬೀರಿದರೆ ಹೋದದ್ದು ಯಾವುದು, ಬಂದದ್ದು ಯಾವುದು ಎಂದು ಗುರುತಾಗುವುದಿಲ್ಲ. ಹಾಗಾಗಿ ಪೇಟೆಯ ಎಷ್ಟೋ ಮನೆಗಳಲ್ಲಿ ಹೊಸದೊಂದು ಪದ್ಧತಿ ಶುರುವಾಗಿದೆ. ರೊಟ್ಟಿ ಕೇಂದ್ರದ್ದಾದರೂ ಪರವಾಗಿಲ್ಲ, ಮೇಲಿನ ಪಲ್ಯ, ಚಟ್ನಿ ಮಾತ್ರ ಮನೆಯಲ್ಲೇ ಆಗಬೇಕು. ಯಾರ ಮನೆಯ ಗುರೆಳ್ಳು ಚಟ್ನಿ ಹೆಚ್ಚು ಹುರಿದು ಕಹಿಯಾಗಿದೆ, ಯಾರು ಎಣಗಾಯಿಗೆ ಬೆಲ್ಲ ಜಾಸ್ತಿ ಹಾಕಿದ್ದಾರೆ ಎಂಬ ವಿಮರ್ಶೆ ಈಗ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ನಡೆಯುತ್ತದೆ.